ಆರನೇ ಡಿಸ್ಕಿನ ಏಳು ನಿಮಿಷ

ಡಿಸ್ಕುಗಳು ಬಂದದ್ದು ಒಂದು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ. ಒಟ್ಟು ಒಂಬತ್ತು. ಒಂದೊಂದೂ ಅಂಗೈಗಿಂತ ಚಿಕ್ಕದು, ಪ್ಲಾಸ್ಟಿಕ್ ಕವಚದೊಳಗೆ ಕೂತದ್ದು. ಕವಚದ ಮೇಲೆ ಬಾಲ್‌ಪೆನ್ನಿನಲ್ಲಿ ಒಂದರಿಂದ ಒಂಬತ್ತರವರೆಗೆ ಸಂಖ್ಯೆ, ಸಂಖ್ಯೆಯ ಪಕ್ಕ ಒಂದೆರಡು ಮಾತು. ಆರನೆಯದರ ಮೇಲೆ 'ಮೂರನೇ ಬಾಗಿಲು' ಎಂದಿತ್ತು. ಒಂಬತ್ತನೆಯದರ ಮೇಲೆ 'ಇತರೆ'.

ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾದ ವಾರ ಅದು. ಕಾರವಾರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಇನ್‌ಸ್ಟ್ರಕ್ಟರ್. ಮದುವೆಗೆ ಮೊದಲು ಇಂಥದೇ ಡಿಸ್ಕ್ ಓದುವ ಯಂತ್ರಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಅದು ಯಾರಿಂದಲೋ ಕಿವಿಗೆ ಬಿದ್ದು ಇಬ್ಬರು ಹುಡುಕಿಕೊಂಡು ಬಂದಿದ್ದರು. ಒಬ್ಬರು ಬೊಬ್ರುವಾಡದವರು, ಕೃಷಿ ಸಹಾಯಕರಾಗಿ ನಿವೃತ್ತರಾದವರು. ಜೊತೆಗಿದ್ದವಳು ಬೇಲೆಕೇರಿ ಕಡೆಯ ಹಳ್ಳಿಯ ಒಬ್ಬ ರೈತ ಹೆಂಗಸು, ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಡಿಸ್ಕುಗಳಲ್ಲಿ ಇದ್ದದ್ದು ಅವಳ ಅಪ್ಪನ ಮಾತು.

ಅವರ ಗದ್ದೆಗಳು ಗಜನಿ ಗದ್ದೆಗಳು. ಹೊಳೆಯ ಮಟ್ಟಕ್ಕೇ ಇರುವ ಈ ಗದ್ದೆಗಳನ್ನು ಭರತದ, ಅಂದರೆ ಕಡಲುಬ್ಬರದ, ಉಪ್ಪು ನೀರಿನಿಂದ ಕಾಯುವುದು ಒಂದು ಮಣ್ಣಿನ ಒಡ್ಡು. ಒಡ್ಡಿನಲ್ಲಿ ಹಲಗೆ ಇಳಿಸಿ ಎತ್ತುವ ಬಾಗಿಲುಗಳು. ಇಳಿತದ ಹೊತ್ತಿಗೆ ಹಲಗೆ ಎತ್ತಿ ಗದ್ದೆಯ ನೀರನ್ನು ಹೊರಗೆ ಬಿಡಬೇಕು, ಭರತ ಬರುವ ಮೊದಲು ಇಳಿಸಬೇಕು. ಅವಳ ಅಪ್ಪ ಐವತ್ತು ವರ್ಷ ಆ ಬಾಗಿಲುಗಳನ್ನು ನೋಡಿಕೊಂಡವನು. ಸುಮಾರು ಹದಿನೆಂಟು ವರ್ಷದ ಕೆಳಗೆ ಸಹಾಯಕರು ಅವನ ಹಿಂದೆ ಒಡ್ಡಿನ ಮೇಲೆ ಒಂಬತ್ತು ದಿನ ಓಡಾಡಿ, ಗಲ್ಫಿನಿಂದ ತಮ್ಮ ಅಳಿಯ ತಂದುಕೊಟ್ಟ ಪುಟ್ಟ ರೆಕಾರ್ಡರಿನಲ್ಲಿ ಅವನು ಹೇಳಿದ್ದನ್ನೆಲ್ಲ ತುಂಬಿಕೊಂಡಿದ್ದರು. ಬರೆದಿಟ್ಟುಕೊಳ್ಳಲಿಲ್ಲವೇ ಎಂದು ನಾನು ಕೇಳಿದೆ. ಡಿಸ್ಕು ಇದೆಯಲ್ಲ ಎಂದು ಬರೆಯಲಿಲ್ಲ ಎಂದರು.

ಈಗ ಅಪ್ಪ ಇಲ್ಲ. ನೆರೆಯಲ್ಲಿ ಒಡ್ಡು ಒಡೆದು ಮೂರು ವರ್ಷದಿಂದ ಗದ್ದೆಯಲ್ಲಿ ಉಪ್ಪು ನೀರು ನಿಂತಿದೆ. ಊರವರೇ ಸೇರಿ ಎರಡು ಸಲ ಒಡ್ಡು ಹಾಕಿದರು. ಎರಡು ಬಾಗಿಲುಗಳ ಜಾಗ ಎಲ್ಲರಿಗೂ ಗೊತ್ತಿತ್ತು. ಗದ್ದೆಯ ತೀರ ತಗ್ಗಿನಲ್ಲಿದ್ದ ಮೂರನೆಯದು ಮಾತ್ರ ಯಾವ ಕಾಲದಲ್ಲೋ ಹೂಳು ಮುಚ್ಚಿ ಮರೆತುಹೋಗಿತ್ತು; ಒಮ್ಮೆ ಅಲ್ಲಿಗೆ ಹೋಗಿದ್ದ ಸಹಾಯಕರಿಗೂ ಈಗ ಜಾಗದ ಗುರುತು ಸಿಗಲಿಲ್ಲ. ಅದರ ಬುಡಕ್ಕೆ ಬಂಡೆ ಇದೆ ಎಂದು ಹಳಬರು ಹೇಳುತ್ತಿದ್ದರು. ಊರವರು ಅಂದಾಜಿನ ಮೇಲೆ ಕಟ್ಟಿದ ಬಾಗಿಲು ಎರಡು ಸಲವೂ ಕೆಸರಿನಲ್ಲಿ ಕುಸಿದು ಒಡ್ಡನ್ನೂ ಎಳೆದುಕೊಂಡು ಹೋಯಿತು. ಬರುವ ಮಳೆಗಾಲದೊಳಗೆ ಆಗದಿದ್ದರೆ ಗದ್ದೆಯನ್ನೆಲ್ಲ ಸೀಗಡಿ ಕೆರೆಯವರಿಗೆ ಬಿಟ್ಟುಕೊಡುವುದೆಂದು ಉಳಿದ ಮನೆಯವರು ಹೇಳಿಯಾಗಿತ್ತು.

"ಅಪ್ಪ ಹೇಳಿದ್ದು ಇದ್ರೊಳಗೆ ಅದೆ ಅಂತ್ರು ಸಾಹೇಬ್ರು," ಅಂದಳು ಅವಳು. "ತೆಗೂಕೆ ಆಗ್ತದ್ಯ ಅಕ್ಕೋರೆ?"

ನೋಡೋಣ ಎಂದೆ. ಆಗದು ಎಂದು ಹೇಳಲು ಆ ದಿನ ನನ್ನ ಬಳಿ ಸಾಕಷ್ಟು ಕಾರಣಗಳಿದ್ದವು.

ಮೊದಲ ಕಾರಣ, ಸಹಾಯಕರ ರೆಕಾರ್ಡರ್ ಸತ್ತಿತ್ತು. ಬ್ಯಾಟರಿ ಸೋರಿ ಒಳಗಿನ ಬೋರ್ಡನ್ನು ತಿಂದುಹಾಕಿತ್ತು. ಎರಡನೆಯದು, ಆ ಯಂತ್ರ ದನಿಯನ್ನು ಗುಪ್ತಸಂಕೇತದ ಬೀಗ ಹಾಕಿ ಬರೆಯುವ ಜಾತಿಯದು. ಅದೇ ಜಾತಿಯ ಯಂತ್ರವೇ ಅದನ್ನು ನುಡಿಸಬೇಕು. ಡೇಟಾ ಬಿಡಿಸಿಕೊಡುವ ಎರಡು ಕಡೆಗೆ ಪತ್ರ ಬರೆದೆ. ಒಬ್ಬರು ಈ ತರಹದ್ದನ್ನು ಮುಟ್ಟುವುದಿಲ್ಲ ಎಂದರು, ಇನ್ನೊಬ್ಬರು ಉತ್ತರಿಸಲಿಲ್ಲ. ಮೂರನೆಯ ಕಾರಣ ಡಿಸ್ಕಿನ ಒಳಗೇ ಇತ್ತು.

ಈ ಡಿಸ್ಕುಗಳಲ್ಲಿ ದನಿ ಇರುವುದು ಅಯಸ್ಕಾಂತದ ಸಣ್ಣ ಸಣ್ಣ ಗುರುತುಗಳಾಗಿ. ಹೆಚ್ಚು ಹಿಡಿಯಲೆಂದು ಗುರುತುಗಳನ್ನು ಎಷ್ಟು ಚಿಕ್ಕದು ಮಾಡಿದ್ದಾರೆಂದರೆ ಓದುವ ಲೇಸರಿನ ಚುಕ್ಕೆಯೇ ಅವುಗಳಿಗಿಂತ ದೊಡ್ಡದು. ಒಂದು ಚುಕ್ಕೆಯ ಕೆಳಗೆ ಹಲವು ಗುರುತುಗಳು ಬೀಳುತ್ತವೆ. ಹಾಗೆಯೇ ನೋಡಿದರೆ ಯಾವುದೂ ತಿಳಿಯದು. ಅದಕ್ಕಾಗಿ ಮೂರು ಪದರಗಳಿವೆ. ಅಡಿಯ ಪದರ ನಿಜವಾದ ಗುರುತುಗಳನ್ನು ಇಟ್ಟುಕೊಂಡಿರುತ್ತದೆ. ಮೇಲಿನ ಪದರದಲ್ಲಿ ಅವುಗಳ ನಕಲು. ನಡುವಿನದು ಎರಡನ್ನೂ ಹಿಡಿದಿಡುವ ಕೊಂಡಿ. ಲೇಸರಿನ ಬಿಸಿಗೆ ನಡುವಿನ ಪದರ ಒಂದು ಕ್ಷಣ ಅಯಸ್ಕಾಂತ ಗುಣ ಕಳೆದುಕೊಂಡು ಕೊಂಡಿ ಬಿಡುತ್ತದೆ. ಆಗ ಮೇಲಿನ ಪದರದ ಗುರುತಿನ ಅಂಚು ಬಿಸಿಯ ಕಡೆಗೆ ಸರಿದು, ಗುರುತು ಚುಕ್ಕೆಯ ತುಂಬ ಹಿಗ್ಗುತ್ತದೆ. ಚುಕ್ಕೆ ದಾಟಿ ತಣಿದರೆ ಕೊಂಡಿ ಮತ್ತೆ ಕೂಡುತ್ತದೆ. ಇಡೀ ಓದು ನಿಂತಿರುವುದು ಬಿಸಿಯ ಹದದ ಮೇಲೆ. ಕಡಿಮೆಯಾದರೆ ಗುರುತು ಹಿಗ್ಗುವುದಿಲ್ಲ. ತುಸು ಹೆಚ್ಚಾದರೆ ಹಿಂದಿನ ಗುರುತೂ ಎಳೆದುಕೊಂಡು ಬಂದು ಒಂದರ ಮೇಲೊಂದು ಬೀಳುತ್ತದೆ. ಇನ್ನೂ ಹೆಚ್ಚಾದರೆ ಅಡಿಯ ಪದರವೇ ಕಾದು ಗುರುತುಗಳು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅದೇ ಜಾತಿಯ ಎರಡು ಹಳೆಯ ಯಂತ್ರಗಳು ಮುಂಬಯಿಯಿಂದ ಬಂದವು. ವಿದ್ಯಾರ್ಥಿಗಳ ಪ್ರಯೋಗಕ್ಕೆ ಇಟ್ಟಿದ್ದ ಫೋಟೊಡಯೋಡಿನಿಂದ ಲೇಸರ್ ಅಳೆದೆ. ಒಂದರದ್ದು ಪೂರ್ತಿ ಹೋಗಿತ್ತು, ಇನ್ನೊಂದರದ್ದು ಮುಪ್ಪಾಗಿತ್ತು. ಮುದಿ ಲೇಸರಿಗೆ ಡಿಸ್ಕನ್ನು ಬೇಕಾದಷ್ಟು ಕಾಯಿಸುವ ಶಕ್ತಿ ಇರಲಿಲ್ಲ. ಆಸಿಲೋಸ್ಕೋಪಿನ ಪರದೆಯ ಮೇಲೆ ಸಾಲು ಸಾಲು ವಜ್ರದಾಕಾರದ ಕಿಂಡಿಗಳು ಮೂಡಿದರೆ ಓದು ಸರಿಯಿದೆ ಎಂದರ್ಥ. ನನಗೆ ಕಂಡದ್ದು ಬರೀ ಮಂಜು.

ರಿಪೇರಿಯವರಿಗೆಂದು ಯಂತ್ರದೊಳಗೆ ಅಡಗಿಸಿಟ್ಟ ಒಂದು ಮೆನು ಇರುತ್ತದೆ. ಅದರಲ್ಲಿ ಓದುವ ಲೇಸರಿನ ಬಲವನ್ನು ಅಂಕಿ ಅಂಕಿಯಾಗಿ ಏರಿಸಬಹುದು. ಪ್ರಯೋಗಕ್ಕೆ 'ಇತರೆ' ಎಂದು ಬರೆದ ಒಂಬತ್ತನೆಯ ಡಿಸ್ಕನ್ನು ಆರಿಸಿಕೊಂಡೆ. ಎರಡಂಕಿ ಏರಿಸಿದೆ, ಮಂಜು ಸ್ವಲ್ಪ ತೆಳುವಾಯಿತು. ಮತ್ತೆ ಎರಡು. ಆ ಮೆನುವಿನಲ್ಲಿ ಓದುವ ಬಲ, ಬರೆಯುವ ಬಲ ಎರಡೂ ಅಕ್ಕಪಕ್ಕದ ಪುಟದಲ್ಲಿರುತ್ತವೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಹೊಸಬರಿಗೆ ನಾನೇ ಅದನ್ನು ಹೇಳಿಕೊಡುತ್ತಿದ್ದೆ. ಆದರೂ ಪುಟ ತಪ್ಪಿ ಬರೆಯುವ ಬಲವನ್ನೇ ಏರಿಸಿದೆ. ಪರದೆಯ ಮೇಲಿನ ಗೆರೆ ಒಮ್ಮೆ ದಪ್ಪಗಾಗಿ, ಆಮೇಲೆ ಸಪಾಟಾಗಿ ಮಲಗಿತು. ಡಿಸ್ಕ್ ಖಾಲಿ ಎಂದು ಯಂತ್ರ ತೋರಿಸಿತು.

ಸಹಾಯಕರಿಗೆ ಫೋನು ಮಾಡಿ ಹೇಳಿದೆ. ಅದರಲ್ಲಿ ಏನಿತ್ತು ಎಂದು ಕೇಳಿದೆ. ಕೊನೆಯ ದಿನ ಕೆಲಸದ ಮಾತು ಮುಗಿದಿತ್ತು, ಮನೆಯ ಜಗಲಿಯಲ್ಲಿ ಕೂತು ಹೆಂಡತಿಯ ಬಗ್ಗೆ, ಮಗಳ ಬಗ್ಗೆ ಹೇಳಿಕೊಂಡಿದ್ದ ಎಂದರು. ನಾನೇ ಅವಳಿಗೆ ಹೇಳುತ್ತೇನೆ, ನೀವು ಹೇಳಬೇಡಿ ಎಂದೆ. ಹೇಳಲು ಮೂರು ತಿಂಗಳು ಹಿಡಿಯಿತು.

ಆಮೇಲೆ ಹದಿನೈದು ದಿನ ಡಬ್ಬಿಯನ್ನು ಮುಟ್ಟಲಿಲ್ಲ. ಮುಟ್ಟಿದಾಗ ಲೇಸರನ್ನು ಹಾಗೇ ಬಿಟ್ಟು ಬೇರೆ ದಾರಿ ಯೋಚಿಸಿದೆ. ಡಿಸ್ಕಿಗೆ ಬೇಕಾದದ್ದು ಬಿಸಿ ತಾನೆ? ಅದೆಲ್ಲ ಲೇಸರಿನಿಂದಲೇ ಬರಬೇಕೆಂದಿಲ್ಲ. ಡಿಸ್ಕನ್ನೇ ಬೆಚ್ಚಗಿಟ್ಟರೆ ಮುದಿ ಲೇಸರ್ ಉಳಿದದ್ದನ್ನು ತುಂಬಬಹುದು. ಮೀನು ಮಾರ್ಕೆಟ್ಟಿನಿಂದ ಥರ್ಮಾಕೋಲ್ ಪೆಟ್ಟಿಗೆ ತಂದು ತೊಳೆದೆ. ಒಳಗೊಂದು ಸಣ್ಣ ಬಲ್ಬು, ಒಂದು ಥರ್ಮಾಮೀಟರ್, ನಡುವೆ ಯಂತ್ರ. ಮೊದಲು ನನ್ನ ದನಿಯನ್ನು ಹೊಸ ಡಿಸ್ಕಿಗೆ ತುಂಬಿ ಪರೀಕ್ಷಿಸಿದೆ. ಬಿಸಿಗೆ ಲೆನ್ಸು ತುಸು ಸರಿದು ಫೋಕಸ್ ತಪ್ಪುತ್ತಿತ್ತು. ಮುಕ್ಕಾಲು ಗಂಟೆ ಕಾದರೆ ನಿಲ್ಲುತ್ತಿತ್ತು. ನಲವತ್ತೆರಡು ಡಿಗ್ರಿಯಲ್ಲಿ ಕಿಂಡಿಗಳು ತೆರೆದವು. ಮೂವತ್ತೊಂಬತ್ತರಲ್ಲಿ ಮುಚ್ಚಿದವು, ನಲವತ್ತೈದರಲ್ಲಿ ಒಂದರ ಮೇಲೊಂದು ಬಿದ್ದವು. ಮೂರು ಡಿಗ್ರಿ ಆಚೀಚೆ, ಅಷ್ಟೇ ಜಾಗ.

ಶಿವರಾತ್ರಿ ಕಳೆದ ಮೇಲಿನ ಶನಿವಾರ ಇಬ್ಬರನ್ನೂ ಕರೆಸಿ ಒಂದನೆಯ ಡಿಸ್ಕ್ ಹಾಕಿದೆ. ಪೆಟ್ಟಿಗೆಯಿಂದ ಇನ್ನೂ ಬಂಗಡೆಯ ವಾಸನೆ ಬರುತ್ತಿತ್ತು. ಸ್ಪೀಕರಿನಲ್ಲಿ ಮೊದಲು ಗಾಳಿ, ಹಕ್ಕಿ, ಕೆಸರಿನಲ್ಲಿ ಕಾಲಿಡುವ ಸದ್ದು. ಆಮೇಲೆ ಒಂದು ಕೆಮ್ಮು. ಅವಳು ಕೂತಲ್ಲೇ ನೆಟ್ಟಗಾದಳು.

ಮಾತು ಅವರ ಮನೆಭಾಷೆಯಲ್ಲಿತ್ತು. ಮನೆಯಲ್ಲಿ ಕೊಂಕಣಿ ಆಡುವ ನನಗೆ ಅರ್ಧವೂ ತಿಳಿಯಲಿಲ್ಲ, ಅವಳೇ ನಿಲ್ಲಿಸಿ ನಿಲ್ಲಿಸಿ ಬಿಡಿಸಿ ಹೇಳಿದಳು. ಉಪ್ಪು ತಡೆಯುವ ಕಗ್ಗ ಭತ್ತವನ್ನು ಮೊಳಕೆ ಕಟ್ಟುವುದು, ಏಡಿ ಕೊರೆದ ತೂತನ್ನು ಮುಚ್ಚುವುದು. ನಡುನಡುವೆ ದನಿ ಕಡಿದು ಹೋಗುತ್ತಿತ್ತು. ಒಂದೆಡೆ ಅಪ್ಪ ಮಾತು ನಿಲ್ಲಿಸಿ ಸಹಾಯಕರನ್ನು ಕೇಳಿದ್ದ:

"ಸಾಹೇಬ್ರೆ, ನನ್ನ ಸ್ವರ ಇದ್ರೊಳಗೆ ಎಷ್ಟು ವರ್ಷ ಇರ್ತದೆ?"

"ನೂರು ವರ್ಷ ಇರ್ತದೆ," ಎಂದಿತು ಸಹಾಯಕರ ಆಗಿನ ಗಟ್ಟಿ ದನಿ.

ಸಹಾಯಕರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಆ ದಿನ ಮತ್ತೆ ಕೂರಲಿಲ್ಲ.

ನಾಲ್ಕು ಶನಿವಾರಗಳಲ್ಲಿ ಐದು ಡಿಸ್ಕುಗಳನ್ನು ಕೇಳಿದೆವು. ಎರಡರಲ್ಲಿ ಮುಕ್ಕಾಲು ಪಾಲು ಸಿಕ್ಕಿತು, ಉಳಿದವುಗಳಲ್ಲಿ ಚೂರುಪಾರು. ಮೊದಲಿನ ಎರಡು ಬಾಗಿಲುಗಳ ವಿಷಯ ಬಂತು, ಯಾವ ತಿಥಿಗೆ ಯಾವುದನ್ನು ಮೊದಲು ಎತ್ತಬೇಕು ಎನ್ನುವುದು ಬಂತು. ಮೂರನೆಯದನ್ನು ನಾಳೆ ತೋರಿಸುತ್ತೇನೆ ಎಂದು ಐದನೆಯ ಡಿಸ್ಕಿನ ಕೊನೆಯಲ್ಲಿ ಅಪ್ಪ ಹೇಳಿದ.

ಆರನೆಯದು ಓದಲಿಲ್ಲ.

ಅದರ ಕವಚದ ಸಣ್ಣ ತಗಡಿನ ಮುಚ್ಚಳ ಬಾಗಿ ಅಂಚಿನಲ್ಲಿ ಸಂದು ಬಿಟ್ಟಿತ್ತು. ಹದಿನೆಂಟು ವರ್ಷದ ಕರಾವಳಿಯ ಗಾಳಿ ಒಳಗೆ ಹೋಗಿತ್ತು. ಬೆಳಕಿಗೆ ಹಿಡಿದರೆ ಹೊರ ಅಂಚಿನಲ್ಲಿ ಉಗುರಿನಷ್ಟು ಅಗಲದ ಮಸುಕು ಕಾಣುತ್ತಿತ್ತು. ನಲವತ್ತೆರಡು ಡಿಗ್ರಿಗೆ ಮಂಜು, ನಲವತ್ತೈದಕ್ಕೂ ಮಂಜು, ನಲವತ್ತೆಂಟಕ್ಕೆ ಯಂತ್ರವೇ ನಿಂತುಹೋಯಿತು. ಪದರಗಳು ಹಾಳಾದಂತೆ ಬಿಸಿಯ ಹದವೂ ಮೇಲೆ ಸರಿದಿರಬೇಕು. ಇನ್ನು ಇದ್ದದ್ದು ಲೇಸರಿನ ಬಲ ಏರಿಸುವ ದಾರಿಯೊಂದೇ. ಅದರಲ್ಲಿ ಮತ್ತೆ ಪುಟ ತಪ್ಪುವುದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಓದು ತಪ್ಪಿದರೆ ಈ ಯಂತ್ರ ತಾನಾಗಿಯೇ ಹಿಂದೆ ಹೋಗಿ ಅದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಸಾಮಾನ್ಯ ಬಲದಲ್ಲಿ ಅದು ಒಳ್ಳೆಯ ಗುಣ. ಏರಿಸಿದ ಬಲದಲ್ಲಿ ಪ್ರತಿ ಮರುಓದೂ ಅದೇ ಗುರುತುಗಳನ್ನು ಇನ್ನಷ್ಟು ಕಾಯಿಸುತ್ತದೆ. ಅದನ್ನು ತಪ್ಪಿಸುವ ಉಪಾಯ ಎರಡು ವಾರ ಹುಡುಕಿದೆ. ಆ ಸೂಚನೆ ಯಂತ್ರದ ಚಿಪ್‌ನೊಳಗೇ ಕೂತಿತ್ತು, ನನ್ನ ಕೈಗೆ ಸಿಗುವಂಥದ್ದಲ್ಲ.

ಏಪ್ರಿಲ್ ತಿಂಗಳ ನಡುವೆ ಅವಳನ್ನು ಬರಹೇಳಿದೆ. ಬಾಳೆಗುಳಿಯಲ್ಲಿ ಬಸ್ಸು ಹಿಡಿದು ಒಬ್ಬಳೇ ಬಂದಳು. ನಾನು ಮೊದಲು ಒಂಬತ್ತನೆಯ ಡಿಸ್ಕಿನ ವಿಷಯ ಹೇಳಿದೆ. ಪುಟ ತಪ್ಪಿದ್ದು, ಅಳಿಸಿದ್ದು, ಅದರಲ್ಲಿ ಅವಳ ಅಮ್ಮನ ಬಗ್ಗೆ, ಅವಳ ಬಗ್ಗೆ ಅಪ್ಪನ ಮಾತು ಇದ್ದದ್ದು, ಮೂರು ತಿಂಗಳು ನಾನು ಹೇಳದೆ ಇದ್ದದ್ದು. ಅವಳು ಸೆರಗಿನ ಅಂಚನ್ನು ಮಡಚಿದಳು, ಬಿಡಿಸಿದಳು.

"ನನ್ನ ಬಗ್ಗೆ ಎಂತ ಹೇಳಿದ್ದ ಅಂತ ಸಾಹೇಬ್ರಿಗೆ ನೆನಪದ್ಯ?" ಎಂದಳು.

ಇಲ್ಲವಂತೆ, ನಾನು ಕೇಳಿದೆ ಎಂದೆ.

ಆಮೇಲೆ ಆರನೆಯದರ ಸ್ಥಿತಿ ವಿವರಿಸಿದೆ. ಬಲ ಏರಿಸಿದರೆ ಒಂದು ಸಲ ಕೇಳಬಹುದು, ಕೇಳಿದ್ದು ಅಲ್ಲೇ ಅಳಿಯಬಹುದು, ಏನೂ ಕೇಳದೆಯೂ ಅಳಿಯಬಹುದು. ಹಾಗೇ ಇಟ್ಟರೆ ಮುಂದೆ ಯಾರಾದರೂ ನನಗಿಂತ ಒಳ್ಳೆಯ ಸಲಕರಣೆ ಇರುವವರು ಓದಿಯಾರು. ನನ್ನ ಅಭಿಪ್ರಾಯ ಇಡುವುದೇ ಒಳ್ಳೆಯದು ಎಂದಿತ್ತು. ಅದನ್ನೂ ಹೇಳಿದೆ.

"ಮುಂದೆ ಅಂದ್ರೆ ಯಾವಾಗ ಅಕ್ಕೋರೆ? ಜೂನಿಗೆ ಮಿರ್ಗದ ಮಳೆ ಬಿದ್ಮೇಲೆ ಒಡ್ಡು ಹಾಕೂಕೆ ಆಗೂದಿಲ್ಲ. ಸೀಗಡಿಯವ್ರು ಕಾಗದ ತಂದು ಇಟ್ಟಾಗಿದೆ." ಡಿಸ್ಕನ್ನು ನನ್ನ ಕಡೆಗೆ ಸರಿಸಿ, "ಓದಿ ನೀವು," ಎಂದಳು.

ಮರುದಿನ ಭಾನುವಾರ, ಕಾಲೇಜಿಗೆ ರಜೆ. ರಾತ್ರಿ ಅವಳು ನಮ್ಮ ಮನೆಯಲ್ಲೇ ಉಳಿದಿದ್ದಳು. ಬೆಳಿಗ್ಗೆ ಎಂಟಕ್ಕೇ ಪೆಟ್ಟಿಗೆ ಬೆಚ್ಚಗೆ ಮಾಡಲು ಇಟ್ಟೆ. ಪೆಟ್ಟಿಗೆಯನ್ನು ನಲವತ್ತಕ್ಕೆ ಇಳಿಸಿ, ಲೇಸರನ್ನು ಅಂಕಿ ಅಂಕಿಯಾಗಿ ಏರಿಸಿದೆ. ಮೆನುವಿನ ಪುಟವನ್ನು ಪ್ರತಿ ಸಲವೂ ಅವಳ ಎದುರು ಗಟ್ಟಿಯಾಗಿ ಓದಿ ಖಚಿತ ಮಾಡಿಕೊಂಡೆ. ಇಯರ್‌ಫೋನಿನ ತೂತಿಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಣ ಶುರು ಮಾಡಿದ್ದೆ. ಐದನೆಯ ಅಂಕಿಗೆ ಏನೂ ಇಲ್ಲ. ಏಳಕ್ಕೆ ಮಂಜಿನಲ್ಲಿ ಒಂದು ಹೊಳಪು. ಎಂಟಕ್ಕೆ ಕಿಂಡಿಗಳು ತೆರೆದವು. ನಾನು ಅಷ್ಟು ಚೊಕ್ಕ ಕಿಂಡಿಗಳನ್ನು ಹೊಸ ಡಿಸ್ಕಿನಲ್ಲೂ ಕಂಡಿರಲಿಲ್ಲ.

ಏಳು ನಿಮಿಷ ಮಾತು ಬಂತು. ಅಪ್ಪ ಮೊದಲು ಸೊಳ್ಳೆಯ ಬಗ್ಗೆ ಗೊಣಗಿದ. ಆಮೇಲೆ ನಿಧಾನವಾಗಿ, ಮಕ್ಕಳಿಗೆ ಹೇಳಿಕೊಡುವಂತೆ ಹೇಳಿದ. ಅವಳು ಅವನ ಜೊತೆಜೊತೆಗೇ ನನಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತ ಹೋದಳು, ಅವನಿಗಿಂತ ಒಂದು ಮಾತು ಹಿಂದೆ:

"ಎರಡ್ನೇ ಬಾಗ್ಲ ಕಲ್ಲಿನ ಮೇಲೆ ನಿಲ್ಲಬೇಕು. ಗುಡ್ಡದ ಬೋಳು ನೆತ್ತಿ ಕಾಣ್ತದೆ. ಅದಕ್ಕೆ ಮುಖ ಮಾಡಿ ಆಚೀಚೆ ಆಗ್ದೇ ಬರಬೇಕು. ನೂರಾ ನಲ್ವತ್ತು ಹೆಜ್ಜೆ. ಕಾಲಿಗೆ ಬಂಡೆ ಸಿಕ್ತದೆ. ಬಂಡೆಯಲ್ಲಿ ಹಲಗೆ ಇಳೂಕೆ ಎರಡು ಗಾಡಿ, ಅಂದ್ರೆ ಉದ್ದ ತೋಡು, ಕೊರೆದದ್ದು ಅದೆ…"

ಮುಂದೆ ಆ ಬಾಗಿಲನ್ನು ಯಾವಾಗ, ಎಷ್ಟು ಹಲಗೆ ಎತ್ತಬೇಕು ಎನ್ನುವ ಮಾತು ಶುರುವಾಯಿತು. ಆಗ ದನಿ ಕಡಿಯಿತು. ಯಂತ್ರದ ಒಳಗೆ ಲೆನ್ಸು ಹಿಂದೆ ಸರಿದ ಕಟಕ್ ಎನ್ನುವ ಸದ್ದು ಕೇಳಿತು, ಮತ್ತೆ ಕಟಕ್, ಮತ್ತೆ. ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಓದು ಮುಗಿಸದೆ ಅದು ನಿಲ್ಲಲಿಲ್ಲ. ಬ್ಯಾಟರಿ ಕೀಳುವ ಹೊತ್ತಿಗೆ ಪರದೆಯ ಗೆರೆ ಸಪಾಟಾಗಿತ್ತು. ತಣಿಸಿ ಮತ್ತೆ ಹಾಕಿ ನೋಡಿದೆ. ವಿಷಯಸೂಚಿ ಇರುವ ಸುತ್ತೂ ಅಳಿಸಿಹೋಗಿತ್ತು, ಡಿಸ್ಕನ್ನು ಯಂತ್ರ ಗುರುತಿಸಲೇ ಇಲ್ಲ. ಲೇಸರೂ ಆ ದಿನದಿಂದ ಇನ್ನಷ್ಟು ಇಳಿಯಿತು.

"ನೂರಾ ನಲ್ವತ್ತು," ಎಂದಳು ಅವಳು. "ಅಷ್ಟು ಸಾಕು."

ನಾನೂ ಸಾಕು ಎಂದೇ ನಂಬಿದೆ. ಆ ನಂಬಿಕೆ ಮೂರು ವಾರ ಇತ್ತು.

ಮೇ ತಿಂಗಳ ಅಮಾವಾಸ್ಯೆಗೆ ಇಳಿತ ತೀರ ಕೆಳಗೆ ಹೋಗುತ್ತದೆಂದು ಆ ದಿನವನ್ನೇ ಗೊತ್ತು ಮಾಡಿದ್ದರು. ಬೆಳಕು ಹರಿಯುವ ಹೊತ್ತಿಗೆ ನಾನು ಸಹಾಯಕರ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಹೋದೆ. ಒಡ್ಡಿನ ಮೇಲೆ ಊರಿನ ಹತ್ತು ಹನ್ನೆರಡು ಜನ ಹಾರೆ, ಗುದ್ದಲಿ ಹಿಡಿದು ನಿಂತಿದ್ದರು. ಅವಳು ಎರಡನೆಯ ಬಾಗಿಲ ಕಲ್ಲಿನ ಮೇಲೆ ಹತ್ತಿದಳು. ಗುಡ್ಡದ ನೆತ್ತಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪನದು ಉದ್ದ ಹೆಜ್ಜೆ, ಚಿಕ್ಕವಳಿದ್ದಾಗ ಅವನ ಹೆಜ್ಜೆಗುರುತಿನಲ್ಲೇ ಕಾಲಿಡಲು ಹಾರಿ ಹಾರಿ ನಡೆಯುತ್ತಿದ್ದೆ ಎಂದು ನನಗೆ ಹೇಳಿದ್ದಳು. ಈಗಲೂ ಹಾಗೇ ಕಾಲು ಅಗಲಿಸಿ ಎಣಿಸುತ್ತ ನಡೆದಳು. ನಾವು ಹಿಂದೆ ಹಿಂದೆ ಹೋದೆವು.

ಎಪ್ಪತ್ತಕ್ಕೆ ಊರವರು ಹೊಸದಾಗಿ ಹಾಕಿದ ಒಡ್ಡು ಎಡಕ್ಕೆ ತಿರುಗಿತು. ಅವಳು ತಿರುಗಲಿಲ್ಲ, ಒಡ್ಡಿನಿಂದ ಇಳಿದು ಹೊಳೆಯ ಬದಿಯ ಕೆಸರಿಗೆ ಕಾಲಿಟ್ಟಳು. ತೊಂಬತ್ತಾರಕ್ಕೆ ದಂಡೆ ಮುಗಿಯಿತು. ಹಿಂದಿದ್ದವರು ನಿಂತರು. ಯಾರೋ ಹೆಜ್ಜೆಯ ಲೆಕ್ಕ ತಪ್ಪಿರಬೇಕು ಅಂದರು. ಅವಳು ಎಣಿಸುತ್ತಲೇ ನೀರಿಗಿಳಿದಳು. ನೂರಾ ಇಪ್ಪತ್ತಕ್ಕೆ ನೀರು ಮೊಣಕಾಲಿಗೆ, ನೂರಾ ಮೂವತ್ತಕ್ಕೆ ತೊಡೆಗೆ. ನೂರಾ ಮೂವತ್ತೆಂಟಕ್ಕೆ ಅವಳು ಒಮ್ಮೆಗೇ ಎತ್ತರವಾದಂತೆ ಕಂಡಳು. ಬಂಡೆಯ ಮೇಲೆ ಹತ್ತಿದ್ದಳು. ಬಗ್ಗಿ ನೀರೊಳಗೆ ಕೈ ಇಳಿಸಿ ತಡವಿದಳು.

"ಗಾಡಿ ಅದೆ," ಎಂದು ಕೂಗಿದಳು. "ಎರಡೂ ಅದೆ."

ನೆರೆಗಳಲ್ಲಿ ಹೊಳೆ ಈ ಬದಿಗೆ ಕೊರೆದು, ಬಾಗಿಲನ್ನೂ ಅದರ ಅಕ್ಕಪಕ್ಕದ ನೆಲವನ್ನೂ ತನ್ನೊಳಗೆ ಸೇರಿಸಿಕೊಂಡಿತ್ತು. ಅಪ್ಪ ಹೇಳಿದ ಜಾಗ ಎರಡು ಹೆಜ್ಜೆಯಷ್ಟು ಮಾತ್ರ ತಪ್ಪಿತ್ತು. ಅಲ್ಲಿ ಬಾಗಿಲು ಹಾಕಬೇಕಾದರೆ ಹೊಳೆಯ ನಡುವೆ ಒಡ್ಡು ಕಟ್ಟಬೇಕು. ಅದು ಆ ಊರಿನ ಕೈಲಿ ಆಗುವ ಕೆಲಸವಲ್ಲವೆಂದು ಎಲ್ಲರಿಗಿಂತ ಮೊದಲು ತಿಳಿದದ್ದು ನೀರಿನಲ್ಲಿ ನಿಂತಿದ್ದ ಅವಳಿಗೇ ಇರಬೇಕು. ಭರತ ಏರಿ ನೀರು ಸೊಂಟಕ್ಕೆ ಬರುವವರೆಗೂ ಅವಳು ಇಳಿಯಲಿಲ್ಲ.

ಹತ್ತಿ ಬಂದು ಸೀರೆ ಹಿಂಡಿಕೊಳ್ಳುತ್ತ ನನ್ನನ್ನು ನೋಡಿ, "ಅಪ್ಪ ಸರೀ ಹೇಳಿದ್ದ," ಎಂದಳು.

ಅದೇ ವಾರ ಎಲ್ಲ ಮನೆಯವರೂ ಸೀಗಡಿಯವರ ಕಾಗದಕ್ಕೆ ಸಹಿ ಹಾಕಿದರು, ಅವಳೂ ಹಾಕಿದಳು. ಏಳು, ಎಂಟನೆಯ ಡಿಸ್ಕುಗಳನ್ನು ಓದುವ ಪ್ರಯತ್ನ ಮಾಡಲೇ ಎಂದು ಫೋನಿನಲ್ಲಿ ಕೇಳಿದೆ. ಬೇಡ ಎಂದಳು. ಆ ಮಳೆಗಾಲದಲ್ಲಿ ಲೇಸರ್ ಪೂರ್ತಿ ಹೋಯಿತು. ಬೇಕೆಂದಿದ್ದರೂ ನನ್ನಿಂದ ಆಗುತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಅಂಕೋಲೆಗೆ ಒಂದು ಮದುವೆ ನಿಶ್ಚಯಕ್ಕೆ ಹೋದವಳು ಅಲ್ಲಿಗೂ ಹೋಗಿಬಂದೆ. ಗದ್ದೆಗಳಿದ್ದಲ್ಲಿ ಚೌಕ ಚೌಕ ಕೆರೆಗಳು, ದಂಡೆಗೆ ಹಾಸಿದ ಕರಿ ಪ್ಲಾಸ್ಟಿಕ್. ಭರತ, ಇಳಿತ ಬಲ್ಲವಳೆಂದು ಅವಳನ್ನೇ ನೀರು ನೋಡುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ನಾನು ಹೋದಾಗ ಭರತ ಏರುತ್ತಿತ್ತು. ಕೂರಿ ಅಕ್ಕೋರೆ, ಈಗ ಬಂದೆ ಎಂದು ಹೇಳಿ, ಹೊಳೆಯ ಬದಿಗೆ ಹೋಗಿ ಕೊಳವೆಯ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿದಳು. ಉಪ್ಪು ನೀರು ಒಳಗೆ ನುಗ್ಗತೊಡಗಿತು. ಕೆರೆ ತುಂಬುವವರೆಗೆ ಅವಳು ಅದರ ಪಕ್ಕದಲ್ಲೇ ನಿಂತಿದ್ದಳು.